ಏಳು, ಹತ್ತು, ಹದಿನಾಲ್ಕು: ಮಲೇರಿಯಾ ತಡೆಯಲು ಗೊತ್ತಿರಬೇಕಾದ ದಿನಗಳ ಲೆಕ್ಕ

ಬೀದಿಯಲ್ಲಿ ಒಬ್ಬರಿಗೆ ಮಲೇರಿಯಾ ಬಂತೆಂದರೆ ಜನ ಮೊದಲು ಬೆರಳು ತೋರಿಸುವುದು ಚರಂಡಿಯ ಕಡೆಗೆ. ದೂರು ಹೋಗುತ್ತದೆ, ಚರಂಡಿಗೆ ಔಷಧಿ ಬೀಳುತ್ತದೆ, ಸಂಜೆ ಫಾಗಿಂಗ್ ಗಾಡಿ ಹೊಗೆ ಬಿಟ್ಟುಕೊಂಡು ಹೋಗುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಪಕ್ಕದ ಮನೆಯಲ್ಲಿ ಇನ್ನೊಬ್ಬರಿಗೆ ಚಳಿಜ್ವರ. ಚರಂಡಿಯ ಕೊಳಕು ನೀರಿನಲ್ಲಿ ಹುಟ್ಟುವುದು ಹೆಚ್ಚಾಗಿ ಕ್ಯೂಲೆಕ್ಸ್ ಸೊಳ್ಳೆ. ಅದರ ಕಾಟ ದೊಡ್ಡದೇ, ಆನೆಕಾಲು ರೋಗವನ್ನೂ ಅದು ಹರಡಬಲ್ಲದು, ಆದರೆ ಮಲೇರಿಯಾ ಹರಡುವುದಿಲ್ಲ. ಮಲೇರಿಯಾಕ್ಕೆ ಅನಾಫಿಲಿಸ್ ಸೊಳ್ಳೆಯೇ ಬೇಕು. ಅದರಲ್ಲೂ ನಮ್ಮ ಪಟ್ಟಣಗಳಲ್ಲಿ ಈ ಕೆಲಸ ಮಾಡುವ ಅನಾಫಿಲಿಸ್ ಸ್ಟೀಫೆನ್ಸಿ ಮೊಟ್ಟೆ ಇಡಲು ಹುಡುಕುವುದು ತಿಳಿಯಾದ, ಅಲುಗಾಡದ ನೀರು. ತಾರಸಿಯ ಟ್ಯಾಂಕು, ನೆಲದ ಸಂಪು, ಬಾವಿ, ಕಟ್ಟುತ್ತಿರುವ ಮನೆಯ ಸ್ಲ್ಯಾಬ್ ಮೇಲೆ ನಿಲ್ಲಿಸಿದ ನೀರು, ಇವೇ ಅದರ ತವರು.

ಮಂಗಳೂರು ಇದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆ. 1990ರ ದಶಕದಲ್ಲಿ ಅಪಾರ್ಟ್‌ಮೆಂಟುಗಳು ಏಳತೊಡಗಿದ ಕಾಲಕ್ಕೇ ಅಲ್ಲಿ ಮಲೇರಿಯಾ ಮತ್ತೆ ತಲೆಯೆತ್ತಿತು. ಮುಂದೆ ಎಷ್ಟೋ ವರ್ಷ ಕರ್ನಾಟಕದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ದಕ್ಷಿಣ ಕನ್ನಡದ್ದೇ, ಅದರಲ್ಲೂ ಮಂಗಳೂರು ನಗರದ್ದೇ ಆಗಿತ್ತು. ಈಚೆಗೆ ಅದು ಬಹಳ ಇಳಿದಿದೆ. ಆದರೆ ಸೊಳ್ಳೆ ಅಲ್ಲೇ ಇದೆ, ಕಟ್ಟಡ ಕೆಲಸವೂ ನಿಂತಿಲ್ಲ. ಇದೇ ಸ್ಟೀಫೆನ್ಸಿ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಪತ್ತೆಯಾಗಿ, ಆಮೇಲೆ ಇಥಿಯೋಪಿಯಾಕ್ಕೂ ಹಬ್ಬಿತು. ಹಳ್ಳಿಯ ಕಾಯಿಲೆ ಎಂದುಕೊಂಡಿದ್ದ ಮಲೇರಿಯಾವನ್ನು ಪೇಟೆಗೆ ತರುವುದು ಹೇಗೆಂದು ಈ ಸೊಳ್ಳೆಗೆ ಚೆನ್ನಾಗಿ ಗೊತ್ತಿದೆ.

ಇದನ್ನು ತಡೆಯುವ ಕ್ರಮಗಳ ಪಟ್ಟಿ ಎಲ್ಲರಿಗೂ ಬಾಯಿಪಾಠ: ನೀರು ನಿಲ್ಲಿಸಬೇಡಿ, ಪರದೆ ಕಟ್ಟಿ, ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಿ. ಪಟ್ಟಿ ಗೊತ್ತಿದ್ದೂ ಕೆಲಸ ಕೆಡುವುದು ದಿನಗಳ ಲೆಕ್ಕ ತಪ್ಪಿದಾಗ. ಆದ್ದರಿಂದ ಮೊದಲು ಆ ಲೆಕ್ಕವನ್ನೇ ನೋಡೋಣ.

ನೀರಿನಲ್ಲಿ, ಸೊಳ್ಳೆಯಲ್ಲಿ, ನಮ್ಮಲ್ಲಿ

ಹೆಣ್ಣು ಅನಾಫಿಲಿಸ್ ಒಂದು ಸಲಕ್ಕೆ 50ರಿಂದ 200 ಮೊಟ್ಟೆ ಇಡುತ್ತದೆ. ದೋಣಿಯಾಕಾರದ ಆ ಮೊಟ್ಟೆಗಳು ನೀರಿನ ಮೇಲೆ ಒಂದೊಂದಾಗಿ ತೇಲುತ್ತವೆ. ಎರಡು ಮೂರು ದಿನದಲ್ಲಿ ಲಾರ್ವಾ, ಅಂದರೆ ಮರಿಹುಳು, ಹೊರಬರುತ್ತದೆ. ನಾಲ್ಕು ಸಲ ಪೊರೆ ಕಳಚಿ ಬೆಳೆದು ಪ್ಯೂಪಾ ಆಗುತ್ತದೆ. ಇನ್ನೊಂದೆರಡು ದಿನದಲ್ಲಿ ರೆಕ್ಕೆ ಬಲಿತ ಸೊಳ್ಳೆ ಹಾರುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು 8ರಿಂದ 10 ದಿನ ಸಾಕು. ಬಿಸಿ ಹೆಚ್ಚಿದ್ದರೆ ವಾರಕ್ಕೇ ಮುಗಿಯುತ್ತದೆ. ವಾರಕ್ಕೊಂದು ದಿನ ನೀರು ಖಾಲಿ ಮಾಡಿ ಒಣಗಿಸಿ ಎನ್ನುವ ಮಾತು ಬಂದದ್ದು ಇಲ್ಲಿಂದ. ಹತ್ತು ದಿನಕ್ಕೊಮ್ಮೆ ಖಾಲಿ ಮಾಡಿದರೆ ಆ ನೀರಿನ ಸೊಳ್ಳೆಗಳು ಆಗಲೇ ಹಾರಿಹೋಗಿರುತ್ತವೆ, ಶ್ರಮ ಮಾತ್ರ ನಿಮ್ಮದು.

ಹೊಸದಾಗಿ ಹುಟ್ಟಿದ ಸೊಳ್ಳೆಯ ಮೈಯಲ್ಲಿ ರೋಗಾಣು ಇರುವುದಿಲ್ಲ. ಅದು ಮೊದಲು ಮಲೇರಿಯಾ ಇರುವವರ ರಕ್ತ ಹೀರಬೇಕು. ಆ ರಕ್ತದೊಡನೆ ಒಳಹೋದ ಪ್ಲಾಸ್ಮೋಡಿಯಂ ಎಂಬ ಮಲೇರಿಯಾ ರೋಗಾಣು ಅದರ ಹೊಟ್ಟೆಯ ಗೋಡೆಯಲ್ಲಿ ಬೆಳೆದು, ಜೊಲ್ಲಿನ ಗ್ರಂಥಿಗೆ ಬಂದು ಸೇರಲು ಸುಮಾರು 10ರಿಂದ 14 ದಿನ ಬೇಕು. ಸೊಳ್ಳೆಯ ಹೊಟ್ಟೆಯೊಳಗಿನ ಈ ಬೆಳವಣಿಗೆಯನ್ನು ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೂಕ್ಷ್ಮದರ್ಶಕದಡಿ ಕಂಡರು. ಆ ದಿನವನ್ನು ಈಗಲೂ ಸೊಳ್ಳೆ ದಿನವೆಂದು ಆಚರಿಸುತ್ತಾರೆ.

ಈ ಹತ್ತು ದಿನದಲ್ಲೇ ನಮ್ಮ ದೊಡ್ಡ ಅನುಕೂಲ ಅಡಗಿದೆ. ರೋಗ ದಾಟಿಸಬೇಕಾದರೆ ಸೊಳ್ಳೆ ಅಷ್ಟು ದಿನ ಬದುಕಿರಲೇಬೇಕು. ನೂರು ಸೊಳ್ಳೆಗಳಲ್ಲಿ ದಿನಕ್ಕೆ 80 ಪಾಲು ಉಳಿಯುತ್ತವೆ ಎಂದುಕೊಳ್ಳಿ. ಹತ್ತು ದಿನದ ಮೇಲೆ ಉಳಿಯುವುದು ಹತ್ತು ಹನ್ನೊಂದು. ಔಷಧಿ ಲೇಪಿಸಿದ ಪರದೆ, ಗೋಡೆಗೆ ಹೊಡೆದ ಕೀಟನಾಶಕ ಇವುಗಳಿಂದ ದಿನಕ್ಕೆ 60 ಪಾಲು ಮಾತ್ರ ಉಳಿಯುವಂತಾದರೆ, ಹತ್ತು ದಿನದ ಮೇಲೆ ನೂರರಲ್ಲಿ ಒಂದೂ ಉಳಿಯುವುದಿಲ್ಲ. ಸೊಳ್ಳೆಯನ್ನು ನಿರ್ನಾಮ ಮಾಡಲಾಗದಿದ್ದರೂ ಮಲೇರಿಯಾ ನಿಲ್ಲಿಸಬಹುದು ಎನ್ನುವ ಧೈರ್ಯಕ್ಕೆ ಈ ಲೆಕ್ಕವೇ ಆಧಾರ. ಪರದೆಯೊಳಗೆ ಮಲಗಿದವರು ತಮ್ಮನ್ನಷ್ಟೇ ಅಲ್ಲ, ಪಕ್ಕದ ಮನೆಯವರನ್ನೂ ಕಾಯುತ್ತಾರೆ.

ಇನ್ನು ನಮ್ಮ ಮೈಯ ಲೆಕ್ಕ. ಸೊಳ್ಳೆ ಕಚ್ಚಿದ ಒಂದು ಗಂಟೆಯೊಳಗೆ ರೋಗಾಣು ಲಿವರ್ ಸೇರುತ್ತದೆ. ಅಲ್ಲಿ ಸುಮಾರು ಒಂದು ವಾರ ಸದ್ದಿಲ್ಲದೆ ಸಾವಿರಗಟ್ಟಲೆಯಾಗಿ ಬೆಳೆದು, ಆಮೇಲೆ ರಕ್ತಕ್ಕಿಳಿದು ಕೆಂಪು ಕಣಗಳನ್ನು ಹೊಕ್ಕು ಒಡೆಯತೊಡಗುತ್ತದೆ. ಈ ರೋಗಾಣುವಿನ ಮುಖ್ಯ ಜಾತಿಗಳಾದ ವೈವಾಕ್ಸ್ ಮತ್ತು ಫಾಲ್ಸಿಪಾರಂ ಎರಡರಲ್ಲೂ ಈ ಸುತ್ತು 48 ಗಂಟೆಯದು. ದಿನ ಬಿಟ್ಟು ದಿನ ನಡುಕ, ಜ್ವರ, ಬೆವರು ಎಂಬ ಹಳೆಯ ಲಕ್ಷಣ ಬರುವುದು ಇದರಿಂದ. ಆದರೆ ಮೊದಲ ಕೆಲವು ದಿನ ಜ್ವರ ಹೀಗೆ ಕ್ರಮವಾಗಿ ಬರುವುದಿಲ್ಲ, ಫಾಲ್ಸಿಪಾರಂನಲ್ಲಂತೂ ಕೊನೆಯವರೆಗೂ ಬಾರದಿರಬಹುದು. ದಿನ ಬಿಟ್ಟು ದಿನ ಬಂದರೆ ನೋಡೋಣ ಎಂದು ಕಾಯುವುದು ಅಪಾಯ. ಕಚ್ಚಿದ ದಿನದಿಂದ ಜ್ವರ ಕಾಣಿಸಲು ಸಾಮಾನ್ಯವಾಗಿ ಒಂಬತ್ತರಿಂದ ಹದಿನೇಳು ದಿನ ಹಿಡಿಯುತ್ತದೆ. ಹಾಗಾಗಿ ನಿನ್ನೆ ಮಂಗಳೂರಿಗೆ ಹೋಗಿಬಂದು ಇಂದು ಜ್ವರ ಬಂದರೆ ಅದು ನಿನ್ನೆಯ ಸೊಳ್ಳೆಯದಲ್ಲ. ಎರಡು ವಾರದ ಹಿಂದೆ ಎಲ್ಲಿ ಮಲಗಿದ್ದಿರಿ ಎಂದು ನೆನಪಿಸಿಕೊಳ್ಳಬೇಕು.

ತಲೆಯ ಮೇಲಿನ ನೀರು

ಟ್ಯಾಂಕಿನ ನೀರನ್ನು ದಿನಾ ಬಳಸುತ್ತೇವಲ್ಲ, ಅದರಲ್ಲಿ ಸೊಳ್ಳೆ ಹೇಗೆ ಹುಟ್ಟೀತು ಎಂದು ಬಹಳ ಜನ ಕೇಳುತ್ತಾರೆ. ಟ್ಯಾಂಕು ಪೂರ್ತಿ ಬರಿದಾಗುವುದೇ ಇಲ್ಲ ಎಂಬುದು ಉತ್ತರ. ನೀರು ಹೊರಹೋಗುವ ಪೈಪು ತಳಕ್ಕಿಂತ ಸ್ವಲ್ಪ ಮೇಲಿರುತ್ತದೆ, ಲಾರ್ವಾ ಮೇಲ್ಪದರದಲ್ಲಿರುತ್ತದೆ, ಮಟ್ಟ ಇಳಿಯುವ ಮೊದಲೇ ಪಂಪು ಮತ್ತೆ ತುಂಬಿಸುತ್ತದೆ. ಹೀಗೆ ಹುಳುಗಳು ಏರುತ್ತ ಇಳಿಯುತ್ತ ಬೆಳೆದು ಹಾರಿಹೋಗುತ್ತವೆ.

ಪ್ಲಾಸ್ಟಿಕ್ ಟ್ಯಾಂಕು ನೋಡಲು ಹೋದಾಗ ಮೂರು ಜಾಗ ಗಮನಿಸಿ. ಮೊದಲನೆಯದು ಮುಚ್ಚಳ. ತಿರುಪಿ ಕೂರಿಸುವ ಮುಚ್ಚಳವನ್ನು ಪ್ಲಂಬರ್ ಒಮ್ಮೆ ತೆಗೆದರೆ ಸುಮ್ಮನೆ ಮೇಲಿಟ್ಟು ಹೋಗುತ್ತಾರೆ. ಬಿಸಿಲಿಗೆ ಸೊಟ್ಟಗಾದ ಮೇಲೆ ಅದು ಕೂರುವುದೂ ಇಲ್ಲ. ಕಲ್ಲು ಹೇರಿದರೆ ಗಾಳಿಗೆ ಹಾರದೇ ಇರಬಹುದು, ಆದರೆ ಅಂಚಿನ ಸಂದು ಮುಚ್ಚುವುದಿಲ್ಲ. ಹೊಸ ಮುಚ್ಚಳ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೆ. ಎರಡನೆಯದು ಓವರ್‌ಫ್ಲೋ ಪೈಪು ಮತ್ತು ಗಾಳಿಯ ಕೊಳವೆ. ಮುಚ್ಚಳ ಬಿಗಿಯಾಗಿದ್ದರೂ ಸೊಳ್ಳೆ ಈ ದಾರಿಯಿಂದ ಸಲೀಸಾಗಿ ಒಳಹೋಗುತ್ತದೆ, ಬಹಳ ಮನೆಗಳಲ್ಲಿ ಇದೇ ಮರೆತ ಬಾಗಿಲು. ಬಾಯಿಗೆ ನೈಲಾನ್ ಜಾಲರಿ ಸುತ್ತಿ ಕ್ಲ್ಯಾಂಪಿನಿಂದಲೋ ತಂತಿಯಿಂದಲೋ ಬಿಗಿಯಿರಿ. ಬಟ್ಟೆ ತುರುಕಬೇಡಿ, ಟ್ಯಾಂಕು ತುಂಬಿದಾಗ ನೀರು ಹೋಗಲು ದಾರಿ ಬೇಕು. ಬಿಸಿಲಿಗೆ ನೈಲಾನ್ ಪುಡಿಯಾಗುವುದರಿಂದ ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ, ವರ್ಷಕ್ಕೊಮ್ಮೆ ಬದಲಿಸಿ. ಮೂರನೆಯದು ಟ್ಯಾಂಕಿನ ಬುಡ. ಬಾಲ್ ವಾಲ್ವ್ ಕೆಟ್ಟು ಸದಾ ತೊಟ್ಟಿಕ್ಕುತ್ತಿದ್ದರೆ ತಾರಸಿಯಲ್ಲಿ ಅಂಗೈಯಗಲದ ನೀರು ನಿಲ್ಲುತ್ತದೆ, ಸೊಳ್ಳೆಗೆ ಅಷ್ಟೂ ಸಾಕು.

ಸಂಪಿನ ಕಬ್ಬಿಣದ ಮುಚ್ಚಳ ತುಕ್ಕು ಹಿಡಿದು, ಹಿಡಿಕೆಯ ಬಳಿ ತೂತಾಗಿರುತ್ತದೆ. ಪಂಪಿನ ಪೈಪು ಇಳಿದ ಜಾಗದಲ್ಲೂ ಸಂದು ಉಳಿದಿರುತ್ತದೆ, ಅದನ್ನು ಸಿಮೆಂಟಿನಿಂದ ಮುಚ್ಚಿ. ಬಳಸದ ಹಳೆಯ ಟ್ಯಾಂಕಿದ್ದರೆ ಬೋರಲು ಹಾಕಿ, ಇಲ್ಲವೇ ತಳಕ್ಕೆ ತೂತು ಕೊರೆಯಿರಿ.

ಹುಳು ಇದೆಯೇ ಎಂದು ನೋಡುವುದಕ್ಕೂ ಒಂದು ರೀತಿಯಿದೆ. ನಿಮ್ಮ ನೆರಳು ನೀರಿನ ಮೇಲೆ ಬಿದ್ದರೆ ಎಲ್ಲ ಹುಳುಗಳೂ ಗಕ್ಕನೆ ಕೆಳಗಿಳಿಯುತ್ತವೆ, ನೀರು ಶುದ್ಧವಾಗಿದೆ ಎಂದು ನೀವು ಮುಚ್ಚಳ ಹಾಕಿ ಬರುತ್ತೀರಿ. ಸೂರ್ಯನಿಗೆ ಎದುರಾಗಿ ನಿಂತು, ನೆರಳು ಹಿಂದೆ ಬೀಳುವಂತೆ ನೋಡಿಕೊಂಡು, ಬಿಳಿ ಬಣ್ಣದ ಸೌಟನ್ನೋ ಬಟ್ಟಲನ್ನೋ ಓರೆಯಾಗಿ ಹಿಡಿದು ಅಂಚಿನ ಮೇಲ್ನೀರನ್ನು ಒಳಕ್ಕೆ ಹರಿಸಿಕೊಳ್ಳಿ. ಎರಡು ನಿಮಿಷ ಕಾದು, ಇನ್ನೊಂದು ಮೂಲೆಯಲ್ಲಿ ಮತ್ತೆ ಮೊಗೆಯಿರಿ. ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ಚಪ್ಪಟೆಯಾಗಿ ಮಲಗಿದ್ದರೆ ಅದು ಅನಾಫಿಲಿಸ್. ತಲೆ ಕೆಳಗಾಗಿ, ಬಾಲದ ಕೊಳವೆಯಿಂದ ಉಸಿರಾಡುತ್ತ ನೇತಾಡುತ್ತಿದ್ದರೆ ಕ್ಯೂಲೆಕ್ಸ್ ಅಥವಾ ಡೆಂಗಿ ತರುವ ಈಡಿಸ್. ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ, ಚುರುಕಾಗಿ ಉರುಳಾಡುವ ಪ್ರಾಣಿ ಕಂಡರೆ ಅದು ಪ್ಯೂಪಾ.

ಪ್ಯೂಪಾ ಕಂಡರೆ ಔಷಧಿ ಹಾಕಿ ಕಾಯುವ ಕಾಲ ಮುಗಿದಿದೆ. ಬಿಟಿಐ ಎಂಬ ಬ್ಯಾಕ್ಟೀರಿಯಾದ ಪುಡಿ ಕೆಲಸ ಮಾಡುವುದು ಹುಳು ಅದನ್ನು ತಿಂದಾಗ. ಪ್ಯೂಪಾ ಏನನ್ನೂ ತಿನ್ನುವುದಿಲ್ಲ. ಹುಳು ಕೊಲ್ಲುವ ಟೆಮಿಫಾಸ್ ಎಂಬ ಔಷಧಿ ಕೂಡ ಪ್ಯೂಪಾದ ಮೇಲೆ ಅಷ್ಟಾಗಿ ನಾಟುವುದಿಲ್ಲ. ಆ ದಿನವೇ ನೀರು ಪೂರ್ತಿ ಖಾಲಿ ಮಾಡಬೇಕು. ಚೆಲ್ಲುವಾಗ ಒಣ ಮಣ್ಣಿಗೆ ಚೆಲ್ಲಿ, ಅಲ್ಲಿ ಹುಳು ಸಾಯುತ್ತದೆ. ನಿಂತ ನೀರಿನ ಚರಂಡಿಗೆ ಚೆಲ್ಲಿದರೆ ಬದುಕಿಕೊಳ್ಳಬಹುದು. ಅನಾಫಿಲಿಸ್ ಮೊಟ್ಟೆ ಒಣಗಿದರೆ ಸಾಯುತ್ತದೆ. ಈಡಿಸ್ ಮೊಟ್ಟೆಯಾದರೋ ತೊಟ್ಟಿಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ನೀರು ತಾಕಿದೊಡನೆ ಒಡೆಯುತ್ತದೆ. ಹಾಗಾಗಿ ಖಾಲಿ ಮಾಡಿದಾಗ ಒಳಗೋಡೆಯನ್ನು ಬ್ರಷ್‌ನಿಂದ ತಿಕ್ಕಿಬಿಡಿ, ಒಂದೇ ಶ್ರಮದಲ್ಲಿ ಎರಡೂ ರೋಗಕ್ಕೆ ತಡೆ.

ಸ್ಲ್ಯಾಬಿನ ಮೇಲಿನ ಕೆರೆ

ಕಾಂಕ್ರೀಟಿನ ಸ್ಲ್ಯಾಬು ಹಾಕಿದ ಮರುದಿನ ಮೇಸ್ತ್ರಿ ಅದರ ಮೇಲೆ ಗಾರೆಯ ಪುಟ್ಟ ಒಡ್ಡುಗಳನ್ನು ಕಟ್ಟಿ, ಚೌಕ ಚೌಕವಾಗಿ ನೀರು ನಿಲ್ಲಿಸುತ್ತಾರೆ. ಕಾಂಕ್ರೀಟು ಗಟ್ಟಿಯಾಗಲು ಈ ಕ್ಯೂರಿಂಗ್ ಬೇಕೇ ಬೇಕು. ಕಾಂಕ್ರೀಟಿನ ಭಾರತೀಯ ಮಾನದಂಡವಾದ ಐಎಸ್ 456 ಪ್ರಕಾರ ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಮುಂತಾದವು ಬೆರೆತ ಸಿಮೆಂಟಿಗೆ 10 ದಿನ, ಒಣ ಬಿಸಿ ಹವೆಯಲ್ಲಿ ಇನ್ನೂ ಹೆಚ್ಚು. ಸೊಳ್ಳೆ ಬೆಳೆಯಲು ಬೇಕಾದದ್ದೂ ಹೆಚ್ಚುಕಡಿಮೆ ಇಷ್ಟೇ ದಿನ. ತಿಳಿನೀರು, ಎರಡಿಂಚು ಆಳ, ಬೆಚ್ಚಗಿನ ಬಿಸಿಲು, ಮೀನು ಕಪ್ಪೆ ಯಾವುದೂ ಇಲ್ಲ. ಅದೇ ಕಟ್ಟಡದ ಕೆಳಮಹಡಿಯಲ್ಲಿ ಬಾಗಿಲು ಕಿಟಕಿ ಕೂರಿಸದ ಕೋಣೆಗಳಲ್ಲಿ ದೂರದ ಊರುಗಳಿಂದ ಬಂದ ಕೆಲಸಗಾರರು ಮಲಗುತ್ತಾರೆ. ಸೊಳ್ಳೆಗೆ ನೀರೂ ರಕ್ತವೂ ಒಂದೇ ಸೂರಿನಡಿ ಸಿಕ್ಕಂತಾಯಿತು. ಪೇಟೆಯ ಮಲೇರಿಯಾವನ್ನು ಒಂದೇ ಜಾಗದಲ್ಲಿ ಹಿಡಿಯಬೇಕೆಂದರೆ ಇಲ್ಲೇ ಹಿಡಿಯಬೇಕು.

ಹಾಗಂತ ಕ್ಯೂರಿಂಗ್ ಬಿಡಿ ಎಂದು ಯಾವ ಮೇಸ್ತ್ರಿಗೂ ಹೇಳಲಾಗದು, ಹೇಳಿದರೂ ಅವರು ಕೇಳಬಾರದು. ದಾರಿಗಳು ಬೇರೆ ಇವೆ. ಒಡ್ಡು ಕಟ್ಟುವ ಬದಲು ಸ್ಲ್ಯಾಬಿನ ಮೇಲೆ ಗೋಣಿತಟ್ಟು ಹಾಸಿ ದಿನಕ್ಕೆ ಮೂರ್ನಾಲ್ಕು ಸಲ ನೆನೆಸಿದರೆ ಕಾಂಕ್ರೀಟು ತೇವವಾಗಿಯೇ ಇರುತ್ತದೆ, ಹುಳು ಈಜುವಷ್ಟು ನೀರು ನಿಲ್ಲುವುದಿಲ್ಲ. ಕಂಬಗಳಿಗೆ ಹೇಗಿದ್ದರೂ ಹೀಗೇ ಮಾಡುತ್ತಾರೆ. ನೀರು ನಿಲ್ಲಿಸಲೇಬೇಕೆಂದಿದ್ದರೆ ಐದನೆಯ ಅಥವಾ ಆರನೆಯ ದಿನ ಒಡ್ಡು ಒಡೆದು, ಪೊರಕೆಯಿಂದ ನೀರನ್ನೆಲ್ಲ ತಳ್ಳಿ, ತಕ್ಷಣ ಹೊಸ ನೀರು ತುಂಬಿ. ಇಲ್ಲಿ ಆಗುವ ದೊಡ್ಡ ತಪ್ಪು, ತಳ್ಳಿದ ನೀರು ನೇರ ಲಿಫ್ಟಿನ ಗುಂಡಿಗೋ ನೆಲಮಾಳಿಗೆಗೋ ಇಳಿಯುವುದು. ಅಲ್ಲಿ ಬೆಳಕಿಲ್ಲ, ಯಾರೂ ಇಣುಕುವುದಿಲ್ಲ, ಮೇಲಿನ ಮಹಡಿಯಿಂದ ಹೊರಹಾಕಿದ ಹುಳುಗಳು ಅಲ್ಲಿ ನೆಮ್ಮದಿಯಾಗಿ ಸೊಳ್ಳೆಯಾಗುತ್ತವೆ. ಲಿಫ್ಟ್ ಗುಂಡಿಯ ನೀರನ್ನು ವಾರಕ್ಕೊಮ್ಮೆ ಪಂಪಿನಿಂದ ತೆಗೆಯಬೇಕು. ತೆಗೆಯಲಾಗದ ನೀರಿಗೆ ಟೆಮಿಫಾಸ್: 50 ಪ್ರತಿಶತ ಇಸಿ, ಅಂದರೆ ನೀರಿಗೆ ಬೆರೆಸಿ ಬಳಸುವ ಗಾಢ ದ್ರಾವಣವನ್ನು 10 ಲೀಟರ್ ನೀರಿಗೆ 2.5 ಮಿಲಿಲೀಟರ್ ಬೆರೆಸಿ, ನಿಂತ ನೀರಿನ ಮೇಲ್ಮೈಗೆ ಚದರ ಮೀಟರಿಗೆ ಸುಮಾರು 20 ಮಿಲಿಲೀಟರ್ ಲೆಕ್ಕದಲ್ಲಿ ಸಿಂಪಡಿಸಬೇಕು, ವಾರ ವಾರ ತಪ್ಪದೆ. ಮಳೆ ಬಂದು ನೀರು ತುಂಬಿ ಹರಿದರೆ ಔಷಧಿ ತೊಳೆದುಹೋಯಿತೆಂದೇ ತಿಳಿದು ಮತ್ತೆ ಹೊಡೆಯಬೇಕು. ಗಾಢವಾಗಿದ್ದರೆ ಹೆಚ್ಚು ದಿನ ಬಾಳುತ್ತದೆ ಎಂದು ಅಳತೆ ಮೀರಿ ಸುರಿಯುವುದು ಬೇಡ.

ಸೈಟಿನ ಡ್ರಮ್ಮುಗಳು, ಸುಣ್ಣದ ತೊಟ್ಟಿ, ಸಿಮೆಂಟಿನ ಮೂಟೆಗೆ ಹೊದಿಸಿದ ಟಾರ್ಪಾಲಿನ ತಗ್ಗು, ಇವೂ ಅದೇ ವಾರದ ಸುತ್ತಿಗೆ ಸೇರಲಿ. ಯಾರಾದರೂ ಒಬ್ಬರ ಹೆಸರಿಗೆ, ವಾರದ ಒಂದು ನಿಗದಿತ ದಿನಕ್ಕೆ ಈ ಕೆಲಸ ಹಚ್ಚಿದರೆ ಮಾತ್ರ ನಡೆಯುತ್ತದೆ. ಎಲ್ಲರ ಕೆಲಸ ಎಂದು ಬಿಟ್ಟರೆ ಯಾರೂ ಮಾಡುವುದಿಲ್ಲ. ಹೊಸದಾಗಿ ಬಂದ ಕೆಲಸಗಾರರಿಗೆ ಜ್ವರವಿದ್ದರೆ ಅಂದೇ ರಕ್ತ ಪರೀಕ್ಷೆ ಮಾಡಿಸಬೇಕು, ಮಲಗಲು ಪರದೆ ಕೊಡಬೇಕು. ಅವರನ್ನು ರೋಗ ತಂದವರೆಂದು ದೂರುವವರಿದ್ದಾರೆ, ಅದು ಅನ್ಯಾಯ. ನಮ್ಮ ಮನೆ ಕಟ್ಟುವಾಗ, ನಾವು ನಿಲ್ಲಿಸಿದ ನೀರಿನ ಸೊಳ್ಳೆಯಿಂದ ಕಚ್ಚಿಸಿಕೊಂಡು ಅವರು ಮಲಗಿರುತ್ತಾರೆ.

ಬಾವಿಗಳ ವಿಷಯ ಬೇಗ ಹೇಳಿ ಮುಗಿಸಬಹುದು. ಬಳಸುವ ಬಾವಿಗೆ ಸಣ್ಣ ಕಣ್ಣಿನ ಬಲೆ ಹೊದಿಸಿ, ಒಳಗೆ ಹತ್ತಿಪ್ಪತ್ತು ಗಪ್ಪಿ ಮೀನು ಬಿಡಿ. ಬ್ಲೀಚಿಂಗ್ ಪುಡಿ ಹಾಕಿದರೆ ಮೀನು ಸಾಯುತ್ತದೆ, ಮೀನು ಸತ್ತದ್ದು ಗಮನಕ್ಕೆ ಬರುವುದರೊಳಗೆ ಸೊಳ್ಳೆ ಮರಳಿರುತ್ತದೆ. ಪುಡಿ ಹಾಕಿ ಕೆಲವು ದಿನ ಬಿಟ್ಟು ಮೀನನ್ನು ಮತ್ತೆ ಬಿಡಬೇಕು. ಗಪ್ಪಿಯನ್ನು ಹೊಳೆಗೋ ಕೆರೆಗೋ ಬಿಡಬೇಡಿ, ಅಲ್ಲಿನ ನಾಡಮೀನುಗಳಿಗೆ ಕಂಟಕ.

ಫಾಗಿಂಗ್ ಬಗ್ಗೆ ಒಂದು ಮಾತು. ಆ ಹೊಗೆ ಕೊಲ್ಲುವುದು ಆ ಹೊತ್ತಿಗೆ ಹಾರಾಡುತ್ತ ಅದಕ್ಕೆ ಸಿಕ್ಕಿದ ಸೊಳ್ಳೆಯನ್ನು ಮಾತ್ರ. ನೀರಿನ ಹುಳುವಿಗೆ ಏನೂ ಆಗದು, ಕೋಣೆಯ ಮಂಚದಡಿ ಕೂತ ಸೊಳ್ಳೆಗೆ ತಾಗುವುದೂ ಕಷ್ಟ. ಒಂದೆಡೆ ಪ್ರಕರಣಗಳು ಒಮ್ಮೆಲೇ ಏರಿದಾಗ ಅದಕ್ಕೆ ಸ್ಥಾನವಿದೆ. ಟ್ಯಾಂಕು ತೆರೆದಿಟ್ಟುಕೊಂಡು ಫಾಗಿಂಗ್‌ಗಾಗಿ ಒತ್ತಾಯಿಸಿದರೆ ಮರುದಿನವೇ ಹೊಸ ಸೊಳ್ಳೆ ಹೊರಬರುತ್ತದೆ.

ರಾತ್ರಿಯ ಕಾವಲು

ಡೆಂಗಿಯ ಈಡಿಸ್ ಹಗಲು ಕಚ್ಚುತ್ತದೆ, ಅನಾಫಿಲಿಸ್ ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಆದ್ದರಿಂದ ಮಲೇರಿಯಾಕ್ಕೆ ಮಲಗುವ ಜಾಗದ ರಕ್ಷಣೆಯೇ ಮುಖ್ಯ. ದೀರ್ಘಬಾಳಿಕೆಯ ಔಷಧಿ ಲೇಪಿತ ಪರದೆಗಳಲ್ಲಿ ಡೆಲ್ಟಾಮೆಥ್ರಿನ್ ಅಥವಾ ಆಲ್ಫಾಸೈಪರ್‌ಮೆಥ್ರಿನ್ ನೂಲಿನಲ್ಲೇ ಸೇರಿರುತ್ತದೆ. ಕೂತ ಸೊಳ್ಳೆ ಸಾಯುತ್ತದೆ, ಮೇಲೆ ಹೇಳಿದ ಹತ್ತು ದಿನದ ಲೆಕ್ಕ ಇಲ್ಲೇ ಫಲಿಸುವುದು. ಹೊಸ ಪರದೆಯನ್ನು ಕವರಿನಿಂದ ತೆಗೆದು ಒಂದು ದಿನ ನೆರಳಿನಲ್ಲಿ ಹರವಿ, ಆಮೇಲೆ ಕಟ್ಟಿ. ಇಲ್ಲದಿದ್ದರೆ ಮೊದಲ ರಾತ್ರಿ ಮುಖ ಕೈ ಉರಿಯುತ್ತದೆ, ಮನೆಯವರು ಅದನ್ನು ಮಡಚಿ ಅಟ್ಟಕ್ಕೆ ಸೇರಿಸುತ್ತಾರೆ. ತೊಳೆಯುವಾಗ ಸಾಧಾರಣ ಸೋಪು, ತಣ್ಣೀರು, ನೆರಳಿನಲ್ಲಿ ಒಣಗಿಸುವುದು. ಬ್ಲೀಚು ತಾಗಿಸಬೇಡಿ, ಕಲ್ಲಿಗೆ ಬಡಿಯಬೇಡಿ. ತೊಳೆದ ನೀರು ಮೀನಿಗೆ ವಿಷ, ಕೆರೆ ತೊರೆಗಳಲ್ಲಿ ಜಾಲಿಸಬೇಡಿ. ಸುಮಾರು 20 ತೊಳೆತ, ಮೂರು ವರ್ಷ, ಇದು ಅದರ ಆಯುಸ್ಸು. ತಿಂಗಳಿಗೊಮ್ಮೆ ತೊಳೆದರೆ ಎರಡೇ ವರ್ಷಕ್ಕೆ ಬರಿಯ ಬಲೆ ಉಳಿಯುತ್ತದೆ.

ಕಟ್ಟುವಾಗ ಅಂಚನ್ನು ಹಾಸಿಗೆಯಡಿ ಸುತ್ತಲೂ ಸಿಗಿಸಬೇಕು. ನೆಲದ ಮೇಲೆ ಮಲಗುವವರು ಚಾಪೆಯಡಿ ಸಿಗಿಸಿ. ಪರದೆ ಚಿಕ್ಕದಾಗಿ ಮೊಣಕೈ, ಪಾದ ಬಲೆಗೆ ಒತ್ತಿಕೊಂಡರೆ ಸೊಳ್ಳೆ ಹೊರಗಿನಿಂದಲೇ ಚುಚ್ಚುತ್ತದೆ. ಬೆಳಿಗ್ಗೆ ಎದ್ದಾಗ ಪರದೆಯ ಒಳಗೆ ಮೇಲ್ಮೂಲೆಯಲ್ಲಿ ಹೊಟ್ಟೆ ಕೆಂಪಾದ ಸೊಳ್ಳೆ ಕೂತಿದ್ದರೆ ಎಲ್ಲೋ ತೂತಿದೆ ಎಂದರ್ಥ, ಅಂದೇ ಹುಡುಕಿ ಹೊಲಿಯಿರಿ. ಕರಾವಳಿಯಲ್ಲಿ ಜನ ಪರದೆ ಬಿಡುವುದು ಸೆಕೆಗೆ. ದೊಡ್ಡ ಕಣ್ಣಿನ ಪರದೆ ಕೊಳ್ಳುವುದು ಅದಕ್ಕೆ ಪರಿಹಾರವಲ್ಲ. ಎತ್ತರವಾಗಿ ಕಟ್ಟಿ, ಟೇಬಲ್ ಫ್ಯಾನನ್ನು ಪಕ್ಕದಿಂದ ಬೀಸಲು ಬಿಟ್ಟರೆ ಬಲೆಯೊಳಗೂ ಗಾಳಿ ಹೋಗುತ್ತದೆ. ಕಿಟಕಿಯ ಜಾಲರಿಯ ಕಣ್ಣು ಸುಮಾರು 1.2 ಮಿಲಿಮೀಟರ್ ಇದ್ದರೆ ಸೊಳ್ಳೆ ನುಗ್ಗದು. ಆದರೆ ಕಿಟಕಿಗೆ ಹಾಕಿ ಬಚ್ಚಲಿನ ವೆಂಟಿಲೇಟರು ಮರೆತರೆ ಹಾಕಿದ್ದು ವ್ಯರ್ಥ. ಹೆಂಚಿನ ಮನೆಗಳಲ್ಲಿ ಗೋಡೆಗೂ ಮಾಡಿಗೂ ನಡುವೆ ಸಂದು ಇದ್ದೇ ಇರುತ್ತದೆ, ಅಲ್ಲಿ ಜಾಲರಿಗಿಂತ ಪರದೆಯನ್ನೇ ನಂಬಬೇಕು.

ಪರದೆಯೊಳಗೆ ಸೇರುವ ಮುಂಚಿನ ಸಂಜೆಗೆ ಮೈತುಂಬ ಬಟ್ಟೆ, ತೆರೆದ ಚರ್ಮಕ್ಕೆ ಮುಲಾಮು. ಡೀಟ್ 20ರಿಂದ 30 ಪ್ರತಿಶತ ಅಥವಾ ಪಿಕಾರಿಡಿನ್ 20 ಪ್ರತಿಶತ ಇರುವುದನ್ನು ಲೇಬಲ್ ನೋಡಿ ಕೊಳ್ಳಿ, ನಾಲ್ಕೈದು ಗಂಟೆ ಕಾಯುತ್ತದೆ. ಬೆವರು ಸುರಿದರೆ ಬೇಗ ಮತ್ತೆ ಹಚ್ಚಬೇಕು. ಎರಡು ತಿಂಗಳೊಳಗಿನ ಶಿಶುವಿಗೆ ಹಚ್ಚಬಾರದು, ಅವರಿಗೆ ಪರದೆಯೇ ಸರಿ. ಮಕ್ಕಳ ಅಂಗೈಗೂ ಹಚ್ಚಬೇಡಿ, ಕೈ ಬಾಯಿಗೆ ಹೋಗುತ್ತದೆ. ಬೇವಿನೆಣ್ಣೆ, ಸಿಟ್ರೊನೆಲ್ಲಾಗಳ ಪ್ರಭಾವ ಬಹಳ ಹೊತ್ತು ನಿಲ್ಲುವುದಿಲ್ಲ. ಪ್ಲಗ್ಗಿಗೆ ಹಾಕುವ ದ್ರವದ ಯಂತ್ರವನ್ನು ಕತ್ತಲಾಗುವ ಅರ್ಧ ಗಂಟೆ ಮೊದಲೇ ಹಚ್ಚಿಡಿ. ಖಾಲಿ ಬಾಟಲಿಗೆ ಸೀಮೆಎಣ್ಣೆ, ಕರ್ಪೂರ ತುಂಬುವ ಉಪಾಯವೊಂದು ಮೊಬೈಲುಗಳಲ್ಲಿ ಓಡಾಡುತ್ತಿರುತ್ತದೆ. ಅದು ಬೆಂಕಿಗೆ ಆಹ್ವಾನ, ಶ್ವಾಸಕೋಶಕ್ಕೂ ಕೇಡು. ಸೊಳ್ಳೆಬತ್ತಿಯನ್ನು ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಉರಿಸುವುದೂ ಒಳ್ಳೆಯದಲ್ಲ, ಹೊಗೆಯ ಸಣ್ಣ ಕಣಗಳು ಮಕ್ಕಳ ಉಸಿರಿಗೆ ಹೋಗುತ್ತವೆ. ಶಬ್ದದಿಂದ ಸೊಳ್ಳೆ ಓಡಿಸುವ ಯಂತ್ರ, ಮೊಬೈಲ್ ಆ್ಯಪ್‌ಗಳಿಂದ ಏನೂ ಉಪಯೋಗವಿಲ್ಲ.

ಹದಿನಾಲ್ಕು ದಿನದ ಗುಳಿಗೆ

ಮಲೇರಿಯಾ ತಡೆಗಟ್ಟುವುದರಲ್ಲಿ ಚಿಕಿತ್ಸೆಯೂ ಸೇರಿದೆ, ಏಕೆಂದರೆ ಸೊಳ್ಳೆಗೆ ರೋಗಾಣು ಸಿಗುವುದು ಮನುಷ್ಯರ ರಕ್ತದಿಂದ. ವೈವಾಕ್ಸ್‌ನಲ್ಲಿ ಸೊಳ್ಳೆಗೆ ದಾಟುವ ರೂಪದ ರೋಗಾಣು ಜ್ವರದ ಜೊತೆಜೊತೆಗೇ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ನಾಳೆ ನೋಡೋಣ ಎಂದು ಪ್ಯಾರಾಸಿಟಮಾಲ್ ನುಂಗಿ ಮಲಗಿದ ಪ್ರತಿ ರಾತ್ರಿಯೂ ಸೊಳ್ಳೆಗೆ ಒಂದು ಅವಕಾಶ. ಜ್ವರ ಬಂದ ದಿನವೇ ರಕ್ತಲೇಪನ (ಗಾಜಿನ ಮೇಲೆ ರಕ್ತ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಅಥವಾ ಕಾರ್ಡಿನ ಕ್ಷಿಪ್ರ ಪರೀಕ್ಷೆ ಮಾಡಿಸಿ. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಒಮ್ಮೆ ನೆಗೆಟಿವ್ ಬಂದು ಜ್ವರ ಮುಂದುವರಿದರೆ ಮುಂದಿನ ಒಂದೆರಡು ದಿನ ಮತ್ತೆ ಮಾಡಿಸಬೇಕು, ಆರಂಭದಲ್ಲಿ ರೋಗಾಣು ಲೇಪನದಲ್ಲಿ ಸಿಗುವಷ್ಟು ಇಲ್ಲದಿರಬಹುದು. ಇನ್ನೊಂದು ಗೊಂದಲ: ಫಾಲ್ಸಿಪಾರಂ ಗುಣವಾದ ಮೇಲೂ ಕಾರ್ಡು ಕೆಲವು ವಾರ ಪಾಸಿಟಿವ್ ತೋರಿಸಬಹುದು. ಗುಣವಾಯಿತೇ ಎಂದು ತಿಳಿಯಲು ರಕ್ತಲೇಪನವೇ ಸರಿ.

ಮಂಗಳೂರಿನ ಹೆಚ್ಚಿನ ಪ್ರಕರಣಗಳು ವೈವಾಕ್ಸ್. ಅದಕ್ಕೆ ನಮ್ಮ ರಾಷ್ಟ್ರೀಯ ಕಾರ್ಯಕ್ರಮದ ಕ್ರಮದಲ್ಲಿ ಮೂರು ದಿನ ಕ್ಲೋರೋಕ್ವಿನ್, ಹದಿನಾಲ್ಕು ದಿನ ಪ್ರೈಮಾಕ್ವಿನ್. ಕ್ಲೋರೋಕ್ವಿನ್ ರಕ್ತದಲ್ಲಿರುವುದನ್ನು ಕೊಲ್ಲುತ್ತದೆ, ಎರಡು ಮೂರು ದಿನದಲ್ಲಿ ಜ್ವರ ಬಿಡುತ್ತದೆ. ಆದರೆ ಲಿವರಿನಲ್ಲಿ ಕೆಲವು ರೋಗಾಣುಗಳು ಬೂದಿ ಮುಚ್ಚಿದ ಕೆಂಡದಂತೆ ಉಳಿದಿರುತ್ತವೆ. ಈ ಎರಡರಲ್ಲಿ ಅವುಗಳನ್ನು ಮುಟ್ಟುವುದು ಪ್ರೈಮಾಕ್ವಿನ್ ಮಾತ್ರ. ದಿನಕ್ಕೆ ಕಿಲೋ ತೂಕಕ್ಕೆ 0.25 ಮಿಲಿಗ್ರಾಂ, ದೊಡ್ಡವರಿಗೆ ಸಾಮಾನ್ಯವಾಗಿ 15 ಮಿಲಿಗ್ರಾಂ, ಊಟವಾದ ಮೇಲೆ. ನಾಲ್ಕನೆಯ ದಿನ ಮೈ ಹಗುರವಾಗಿ ಕೆಲಸಕ್ಕೆ ಹೊರಟವರು ಉಳಿದ ಗುಳಿಗೆಯನ್ನು ಕಪಾಟಿನಲ್ಲಿ ಮರೆತರೆ, ವಾರಗಳೋ ತಿಂಗಳುಗಳೋ ಕಳೆದು ಅದೇ ಜ್ವರ ಮರುಕಳಿಸುತ್ತದೆ, ಯಾವ ಸೊಳ್ಳೆಯೂ ಹೊಸದಾಗಿ ಕಚ್ಚದೆ. ಗುಳಿಗೆಯ ಹಾಳೆಯ ಮೇಲೆ ತಾರೀಕು ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಇನ್ನೊಬ್ಬರು ದಿನಾ ಕೇಳುವಂತಿರಲಿ.

ಈ ಔಷಧಿ ಎಲ್ಲರಿಗೂ ಅಲ್ಲ. ಬಸುರಿಯರಿಗೆ, ಒಂದು ವರ್ಷದೊಳಗಿನ ಮಕ್ಕಳಿಗೆ ಪ್ರೈಮಾಕ್ವಿನ್ ಕೊಡುವುದಿಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಉಸಿರು ಸೇರದಿದ್ದರೆ ಗುಳಿಗೆ ನಿಲ್ಲಿಸಿ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಹಾಗಾಗಿ ಕಳೆದ ಸಲ ಉಳಿದ ಗುಳಿಗೆಯನ್ನು ಪಕ್ಕದ ಮನೆಯವರಿಗೆ ಕೊಡುವುದು ಉಪಕಾರವಲ್ಲ. ಫಾಲ್ಸಿಪಾರಂ ಆದರೆ ಚಿಕಿತ್ಸೆಯೇ ಬೇರೆ: ಆರ್ಟಿಮಿಸಿನಿನ್ ಆಧಾರಿತ ಜೋಡಿ ಔಷಧಿ ಮೂರು ದಿನ, ಪ್ರೈಮಾಕ್ವಿನ್ ಒಂದೇ ಸಲ. ಇಲ್ಲಿ ಪ್ರೈಮಾಕ್ವಿನ್ ಕೊಡುವುದು ರೋಗಿಯ ಜ್ವರಕ್ಕಲ್ಲ, ಸೊಳ್ಳೆಗೆ ದಾಟುವ ರೂಪವನ್ನು ಕೊಲ್ಲಲು. ಯಾವ ಜಾತಿಯದೆಂದು ತಿಳಿಯದೆ ಗುಳಿಗೆ ನುಂಗಬಾರದು ಎನ್ನುವುದು ಇದಕ್ಕೇ. ಮಂಪರು, ಸೆಳೆತ, ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದು, ಉಬ್ಬಸ, ಇವುಗಳಲ್ಲಿ ಒಂದು ಕಂಡರೂ ಮನೆಯಲ್ಲಿ ಇಟ್ಟುಕೊಳ್ಳದೆ ಆಸ್ಪತ್ರೆಗೆ ಸೇರಿಸಿ.

ಆಫ್ರಿಕಾಕ್ಕೆ ಹೊರಟವರಿಗೆ

ಉಗಾಂಡಾ, ತಾಂಜಾನಿಯಾ, ನೈಜೀರಿಯಾ, ಕಾಂಗೋಗಳಿಗೆ ಕೆಲಸಕ್ಕೆ, ವ್ಯಾಪಾರಕ್ಕೆ ಹೋಗುವ ಕನ್ನಡಿಗರಿದ್ದಾರೆ. ಅಲ್ಲಿನದು ಬಹುತೇಕ ಫಾಲ್ಸಿಪಾರಂ, ಜೀವಕ್ಕೆ ಎರವಾಗುವಂಥದ್ದು. ಊರಲ್ಲಿ ಎರಡು ಸಲ ಮಲೇರಿಯಾ ಬಂದು ಹೋಗಿದೆ, ನನಗೆ ಅಭ್ಯಾಸ ಎನ್ನುವ ಧೈರ್ಯ ಅಲ್ಲಿ ಕೆಲಸಕ್ಕೆ ಬಾರದು. 2021ರಲ್ಲಿ ಆರ್‌ಟಿಎಸ್‌ಎಸ್, 2023ರಲ್ಲಿ ಆರ್21 ಲಸಿಕೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು, ಎರಡನೆಯದನ್ನು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುತ್ತದೆ. ಅವೆರಡೂ ಫಾಲ್ಸಿಪಾರಂ ವಿರುದ್ಧ, ರೋಗ ಹೆಚ್ಚಿರುವ ನಾಡುಗಳ ಚಿಕ್ಕ ಮಕ್ಕಳಿಗಾಗಿ. ಪ್ರಯಾಣಿಕರಿಗೆ ಮುಂಜಾಗ್ರತೆಯ ಗುಳಿಗೆಯೇ ದಾರಿ.

ಯಾವ ಗುಳಿಗೆ ಎಂಬುದನ್ನು ವೈದ್ಯರು ನಿರ್ಧರಿಸಬೇಕು. ದಿನಗಳ ಲೆಕ್ಕವನ್ನು ನೀವು ಪಾಲಿಸಬೇಕು. ಅಟೊವಾಕ್ವೋನ್–ಪ್ರೊಗ್ವಾನಿಲ್ ಆದರೆ ಹೊರಡುವ ಒಂದೆರಡು ದಿನ ಮೊದಲು ಶುರುಮಾಡಿ, ಅಲ್ಲಿರುವಷ್ಟು ದಿನವೂ ನುಂಗಿ, ಹಿಂದಿರುಗಿದ ಮೇಲೆ 7 ದಿನ. ಡಾಕ್ಸಿಸೈಕ್ಲಿನ್ ಆದರೆ ಅದೂ ಒಂದೆರಡು ದಿನ ಮೊದಲೇ ಶುರು, ಆದರೆ ಹಿಂದಿರುಗಿದ ಮೇಲೆ 4 ವಾರ. ಮೆಫ್ಲೋಕ್ವಿನ್ ವಾರಕ್ಕೊಂದು, ಎರಡು ಮೂರು ವಾರ ಮೊದಲೇ ಆರಂಭ, ಬಂದಮೇಲೆ ಇದೂ 4 ವಾರ. ಮೊದಲನೆಯದು ಲಿವರಿನಲ್ಲೇ ರೋಗಾಣುವನ್ನು ಹಿಡಿಯುತ್ತದೆ, ಆದ್ದರಿಂದ ವಾರ ಸಾಕು. ಉಳಿದೆರಡು ರೋಗಾಣು ರಕ್ತಕ್ಕಿಳಿಯುವವರೆಗೆ ಕಾದು ಕೊಲ್ಲುವಂಥವು. ವಿಮಾನ ಇಳಿದ ದಿನವೇ ಇನ್ನೇನು ಬಂತಲ್ಲ ಎಂದು ನಿಲ್ಲಿಸಿದರೆ, ಹೊರಡುವ ಹಿಂದಿನ ರಾತ್ರಿ ಕಚ್ಚಿದ ಸೊಳ್ಳೆಯ ರೋಗಾಣು ಲಿವರಿನಿಂದ ಹೊರಬರುವ ಹೊತ್ತಿಗೆ ರಕ್ತದಲ್ಲಿ ಔಷಧಿ ಇರುವುದಿಲ್ಲ. ಗುಳಿಗೆ ತೆಗೆದುಕೊಂಡಿದ್ದರೂ ಪರದೆ ಬಿಡುವಂತಿಲ್ಲ. ಊರಿಗೆ ಬಂದ ಮೂರು ತಿಂಗಳೊಳಗೆ ಯಾವ ಜ್ವರ ಬಂದರೂ, ಫ್ಲೂ ಎಂದು ತೋರಿದರೂ, ಅಂದೇ ಮಲೇರಿಯಾ ಪರೀಕ್ಷೆ ಮಾಡಿಸಿ, ಯಾವ ದೇಶದಲ್ಲಿದ್ದಿರಿ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿ.